ಓದದೆ ಇಟ್ಟ ಹನ್ನೆರಡು ಕಾಗದ

ತನಗೆ ಓದಲು ಬರುವುದಿಲ್ಲ ಎನ್ನುವುದು ಯಾರಿಗೂ ಗೊತ್ತಿಲ್ಲವೆಂದೇ ಮೇಸ್ತ್ರಿ ಐವತ್ತೊಂಬತ್ತನೆಯ ವಯಸ್ಸಿನವರೆಗೂ ನಂಬಿಕೊಂಡಿದ್ದ.

ಅವನದು ಮರಗೆಲಸ. ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ಟೇಪು ಹಿಡಿದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅಕ್ಷರ ಮಾತ್ರ ಇಲ್ಲ. ಅವನ ಅಪ್ಪನೂ ಇದೇ ಕೆಲಸದವನು, ಕಟ್ಟಡದಿಂದ ಕಟ್ಟಡಕ್ಕೆ, ಊರಿಂದ ಊರಿಗೆ ಉಳಿ ಗರಗಸಗಳ ಪೆಟ್ಟಿಗೆ ಹೊತ್ತು ತಿರುಗಿದವನು. ಅವನ ಬೆನ್ನ ಹಿಂದೆಯೇ ಹೋದ ಈ ಮಗ ನಾಲ್ಕು ಶಾಲೆಗಳ ಮೆಟ್ಟಿಲು ಹತ್ತಿದ. ನಾಲ್ಕರಲ್ಲೂ ಅಕ್ಷರಮಾಲೆ ಅರ್ಧಕ್ಕೆ ಬರುವ ಮುಂಚೆಯೇ ಇಳಿದುಬಂದ. ಹತ್ತನೇ ವರ್ಷಕ್ಕೆ ಕೈಗೆ ಉಳಿ ಬಂತು. ಹದಿನೈದರ ಹೊತ್ತಿಗೆ, ನನಗೆ ಓದಲು ಬರುವುದಿಲ್ಲ ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ವಯಸ್ಸು ದಾಟಿಹೋಗಿತ್ತು.

ಆಮೇಲೆ ಮುಚ್ಚಿಡುವುದೇ ಎರಡನೆಯ ಕಸುಬಾಯಿತು. “ಕನ್ನಡಕ ಮನೇಲಿ ಬಿಟ್ಟು ಬಂದೆ” ಎನ್ನುವ ಮಾತು ಇಪ್ಪತ್ತೈದರಿಂದಲೇ ಅವನ ಬಾಯಲ್ಲಿತ್ತು, ಕಣ್ಣಿಗೆ ಕನ್ನಡಕ ಬಂದದ್ದು ನಲವತ್ತೈದಕ್ಕೆ. ಗಿರಾಕಿಗಳು ಚೀಟಿ ಬರೆದುಕೊಟ್ಟರೆ, “ಚೀಟಿ ಇರ್ಲಿ ಸ್ವಾಮಿ, ಬಾಯಲ್ಲಿ ಹೇಳಿ. ಕೇಳಿದ್ರೇ ನನಗೆ ಕೆಲಸ ಕಣ್ಣಿಗೆ ಕಟ್ಟೋದು” ಎನ್ನುತ್ತಿದ್ದ. ಜನರಿಗೆ ಅದು ದೊಡ್ಡ ಕೆಲಸಗಾರನ ಗತ್ತಾಗಿ ಕಾಣುತ್ತಿತ್ತು. ಬೆಳಗ್ಗೆ ಪೇಪರು ಬಿಡಿಸಿಕೊಂಡು ಹತ್ತು ನಿಮಿಷ ಕೂರುತ್ತಿದ್ದ, ಫೋಟೊ ನೋಡಿ ಪುಟ ತಿರುಗಿಸುತ್ತಿದ್ದ. ಯಾರಾದರೂ ಸುದ್ದಿ ಎತ್ತಿದರೆ, “ಏನ್ ಹೇಳೋದು ಬಿಡಿ” ಎಂದು ತಲೆಯಾಡಿಸುತ್ತಿದ್ದ. ಆ ಒಂದು ಮಾತು ಎಂಥ ಸುದ್ದಿಗೂ ಹೊಂದುತ್ತಿತ್ತು. ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ಮೊಬೈಲಿಗೆ ಮೆಸೇಜು ಕಳಿಸಿದರೆ ಮರುಕ್ಷಣವೇ ಫೋನ್ ಮಾಡಿ, “ಹೇಳಮ್ಮ” ಎನ್ನುತ್ತಿದ್ದ. ನನ್ನ ಧ್ವನಿ ಕೇಳದೆ ಅಪ್ಪನಿಗೆ ಇರೋಕಾಗಲ್ಲ ಎಂದು ಅವಳು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಮಾತು ಹೆಚ್ಚಾದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂದು ಮಾತನ್ನೂ ಕಡಿಮೆ ಮಾಡಿದ. ಬರಬರುತ್ತ ಅದೇ ಸ್ವಭಾವವಾಯಿತು. ತೂಕದ ಮನುಷ್ಯ, ಆಡಿದ್ದಕ್ಕೆ ಅರ್ಥ ಇರುತ್ತೆ ಎಂದು ಜನ ಹೊಗಳಿದರು. ಅವನೊಳಗಿನ ಹೆದರಿಕೆಗೆ ಊರು ಹೀಗೆ ಒಂದು ಒಳ್ಳೆಯ ಹೆಸರಿಟ್ಟುಬಿಟ್ಟಿತು. ಆ ಹೆಸರನ್ನು ಅವನೂ ಉಳಿಸಿಕೊಂಡು ಬಂದ.

ಅದಕ್ಕೆ ಅವನು ತೆತ್ತದ್ದು ಏನೆಂದು ತಿಳಿಯಬೇಕಾದರೆ ಅವನ ಇಪ್ಪತ್ನಾಲ್ಕನೆಯ ವಯಸ್ಸಿಗೆ ಹೋಗಬೇಕು.

ಆಗ ಅವನು ಒಂದು ಮನೆಯಲ್ಲಿ ಪುಸ್ತಕದ ಕಪಾಟು ಮಾಡುತ್ತಿದ್ದ. ನಿವೃತ್ತ ಹೆಡ್‌ಮಾಸ್ತರರ ಮನೆ. ನೆಲದಿಂದ ಸೂರಿನವರೆಗೆ ಒಂದಿಡೀ ಗೋಡೆಗೆ ಕಪಾಟು ಬೇಕಾಗಿತ್ತು. ಏಳು ವಾರದ ಕೆಲಸ. ಹೆಡ್‌ಮಾಸ್ತರರಿಗೆ ಒಬ್ಬಳೇ ಮಗಳು. ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ದೂಳು ಒರೆಸಿ, ಯಾವುದು ಎಲ್ಲಿಗೆ ಎಂದು ಜೋಡಿಸುವುದು ಅವಳ ಪಾಲಿನ ಕೆಲಸ. ಅವನು ಹಲಗೆಗೆ ಹತ್ತರಿ ಹೊಡೆದು ನಯ ಮಾಡುತ್ತಿದ್ದರೆ ಅವಳು ಅಲ್ಲೇ ಕೂತು ಮಾತಾಡುತ್ತಿದ್ದಳು. ಎದ್ದು ಹೋಗುವಾಗ ಅವಳ ಜಡೆಯಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿರುತ್ತಿತ್ತು. ಹೇಳಲೋ ಬೇಡವೋ ಎಂದು ಅವನು ಯೋಚಿಸುವಷ್ಟರಲ್ಲಿ ಒಳಗೆ ಹೋಗಿರುತ್ತಿದ್ದಳು.

“ನೀವು ಏನೇನು ಓದಿದೀರಿ ಮೇಸ್ತ್ರಿ?” ಎಂದು ಒಂದು ದಿನ ಕೇಳಿದಳು.

“ಅದೂ ಇದೂ” ಎಂದ.

“ಹಾಗಾದ್ರೆ ಇದನ್ನ ಓದಿ. ಹೇಗಿದೆ ಹೇಳಿ” ಎಂದು ಒಂದು ಪುಸ್ತಕ ಕೊಟ್ಟಳು.

ಮೂರು ದಿನ ಇಟ್ಟುಕೊಂಡು, ನಾಲ್ಕನೆಯ ದಿನ ವಾಪಸು ಕೊಡುವಾಗ ಅವನು ಬಹಳ ಯೋಚಿಸಿ, “ಚೆನ್ನಾಗಿತ್ತು. ಕೊನೇಲಿ ಸ್ವಲ್ಪ ದುಃಖ ಆಯ್ತು” ಎಂದ. ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಹೌದಾ ಎಂದು ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ಸದ್ಯ ಪಾರಾದೆ ಎಂದುಕೊಂಡ.

ಏಳು ವಾರಗಳಲ್ಲಿ ಅವರಿಬ್ಬರ ನಡುವೆ ಬಾಯಿಬಿಟ್ಟು ಹೇಳುವಂಥದ್ದೇನೂ ಆಗಲಿಲ್ಲ. ಆದರೆ ಆರನೆಯ ವಾರದಲ್ಲಿ ಅವನು ಬೇಕೆಂದೇ ಕೆಲಸ ನಿಧಾನ ಮಾಡಿದ. ಅದು ಅವಳಿಗೂ ಗೊತ್ತಾಯಿತು. ಅವಳೂ ಜೋಡಿಸಿದ್ದ ಪುಸ್ತಕಗಳನ್ನು ಕೆಳಗಿಳಿಸಿ ಮತ್ತೆ ಮೊದಲಿಂದ ಜೋಡಿಸತೊಡಗಿದಳು. ಕೊನೆಯ ದಿನ ಅವನು ಪೆಟ್ಟಿಗೆ ಕಟ್ಟುತ್ತಿದ್ದಾಗ ಅವಳು ಬಂದು ಮಡಿಸಿದ ಒಂದು ಕಾಗದ ಕೈಗಿಟ್ಟಳು.

“ಓದಿ. ಓದಿದ ಮೇಲೆ ಬಂದು ಏನಾದ್ರೂ ಹೇಳಿ. ಭಾನುವಾರದ ತನಕ ಇಲ್ಲೇ ಇರ್ತೀನಿ.”

ಅವತ್ತು ಮಂಗಳವಾರ. ಐದು ದಿನವಿತ್ತು. ಜೊತೆಯ ಕೆಲಸಗಾರನೊಬ್ಬನಿಗೆ ಓದಲು ಬರುತ್ತಿತ್ತು, ಆದರೆ ಅವನ ಬಾಯಿಗೆ ಬಿದ್ದರೆ ಊರಿಗೆಲ್ಲ ಡಂಗುರ. ಶುಕ್ರವಾರ ಅಂಚೆ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವ ಮುದುಕನ ಎದುರು ಹೋಗಿ ಕೂತ. “ಯಾರ ಕಾಗದ?” ಎಂದು ಮುದುಕ ಕೈ ನೀಡಿದ. ಒಂದು ಹೆಣ್ಣು ನಂಬಿ ಕೊಟ್ಟದ್ದನ್ನು ಬೀದಿಯಲ್ಲಿ ಕೂತು ಓದಿಸುವುದೇ? ಮೇಸ್ತ್ರಿ ಕಾಗದವನ್ನು ಜೇಬಿಗೆ ತುರುಕಿಕೊಂಡು ಎದ್ದುಬಂದ. ಭಾನುವಾರ ಆ ಬೀದಿಯ ತಿರುವಿನ ತನಕ ಹೋದ. ಹೋಗಿ ಏನು ಹೇಳುವುದು? ‘ಹೂಂ’ ಎಂದರೆ ಏನಕ್ಕೆ ಹೂಂ ಎಂದಂತಾಗುತ್ತದೆ, ‘ಊಹೂಂ’ ಎಂದರೆ ಏನಕ್ಕೆ? ಓದಲಾಗದ ಕಾಗದ ಹಿಡಿದು ಎದುರು ನಿಂತರೆ, ಇಷ್ಟು ದಿನ ಆಡಿದ್ದೆಲ್ಲ ನಾಟಕವೆಂದು ಗೊತ್ತಾಗುತ್ತದೆ. ಅವಳ ಕಣ್ಣಲ್ಲಿ ಇಳಿದುಹೋಗುವುದಕ್ಕಿಂತ ಅವಳನ್ನು ಕಳೆದುಕೊಳ್ಳುವುದೇ ಸುಲಭವೆನ್ನಿಸಿತು. ತಿರುವಿನಲ್ಲಿದ್ದ ಬೀಗ ರಿಪೇರಿ ಅಂಗಡಿಯ ಜಗಲಿಯ ಮೇಲೆ ಎರಡು ಗಂಟೆ ಕೂತಿದ್ದು ಹಿಂದಿರುಗಿದ.

ಎರಡು ತಿಂಗಳ ನಂತರ ಆ ಕಡೆ ಹೋದಾಗ ಮನೆಯಲ್ಲಿ ಬೇರೆ ಯಾರೋ ಇದ್ದರು. ಹೆಡ್‌ಮಾಸ್ತರರು ಮಗಳ ಜೊತೆ ಯಾವುದೋ ದೂರದೂರಿಗೆ ಹೋದರಂತೆ. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ.

ಅವನು ಸ್ವಂತ ಕಾರ್ಖಾನೆ ಹಾಕಿಕೊಂಡಾಗ ತನಗಾಗಿ ಒಂದು ಉದ್ದನೆಯ ಕೆಲಸದ ಮೇಜು ಮಾಡಿಕೊಂಡ. ಅದರ ಹೊಟ್ಟೆಯಲ್ಲಿ ಒಂದು ಡ್ರಾಯರು. ಅದಕ್ಕೆ ಹಿಡಿ ಇರಲಿಲ್ಲ, ಬೀಗವೂ ಇರಲಿಲ್ಲ. ಮೇಜಿನ ಬಲತುದಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಹೊರಗೆ ಬರುತ್ತಿತ್ತು, ಇಲ್ಲದಿದ್ದರೆ ಅಲ್ಲೊಂದು ಡ್ರಾಯರು ಇದೆಯೆಂದೇ ತಿಳಿಯುತ್ತಿರಲಿಲ್ಲ. ಕಾಗದವನ್ನು ಅದರಲ್ಲಿಟ್ಟ.

ಇಪ್ಪತ್ತೇಳಕ್ಕೆ ಮದುವೆಯಾದ. ಹೆಂಡತಿ ಹೊಲಿಗೆ ಕಲಿತವಳು, ನಗುಮುಖದವಳು, ಕಥೆ ಪುಸ್ತಕದ ಹುಚ್ಚು ಹಚ್ಚಿಕೊಂಡವಳು. ಹೊಲಿಗೆ ಮಷಿನ್ನಿನ ಪಕ್ಕದಲ್ಲಿ ಪುಸ್ತಕ ನಿಲ್ಲಿಸಿಕೊಂಡು, ತೋಳು ಹೊಲಿಯುತ್ತ ಎರಡು ಸಾಲು, ಕಾಲರು ಹೊಲಿಯುತ್ತ ಎರಡು ಸಾಲು ಓದುತ್ತಿದ್ದಳು. ಓದಿದ್ದನ್ನು ಊಟದ ಹೊತ್ತಿಗೆ ಅವನಿಗೆ ಹೇಳುತ್ತಿದ್ದಳು. ಅವನಿಗೆ ಅದು ಪ್ರಾಣ. ಆದರೆ ಅವನು ಮುಂದೇನಾಯಿತು ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಪುಸ್ತಕ ತಂದು ಕೈಗೆ ಕೊಟ್ಟುಬಿಟ್ಟಾಳು ಎಂಬ ಭಯ. ಇವರಿಗೆ ನನ್ನ ಕಥೆಗಳು ಬೇಸರ ಎಂದುಕೊಂಡು ಅವಳು ಮೆಲ್ಲಗೆ ಹೇಳುವುದನ್ನು ನಿಲ್ಲಿಸಿದಳು.

ಮದುವೆಯಾದ ಮರುವರ್ಷ ಅವಳ ಅಮ್ಮ ಹಾಸಿಗೆ ಹಿಡಿದರು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅರ್ಧ ದಿನದ ಹಾದಿ. ಐದು ತಿಂಗಳು ಅವಳು ಅಲ್ಲೇ ಉಳಿದಳು. ಅಲ್ಲಿಂದ ಅವನಿಗೆ ಹನ್ನೊಂದು ಕಾಗದ ಬರೆದಳು. ಒಂದೊಂದು ಬಂದಾಗಲೂ ಅವನು ಬಾಗಿಲು ಹಾಕಿಕೊಂಡು ಲಕೋಟೆ ಒಡೆಯುತ್ತಿದ್ದ, ಅಕ್ಷರಗಳ ಸಾಲುಗಳನ್ನು ನೋಡುತ್ತ ಕೂರುತ್ತಿದ್ದ, ಕಾಗದದ ಮೇಲ್ತುದಿಯಲ್ಲಿದ್ದ ತಾರೀಖಿನ ಅಂಕಿ ಓದಿ, ಅದರ ಪ್ರಕಾರ ಡ್ರಾಯರಿನಲ್ಲಿ ಜೋಡಿಸಿಡುತ್ತಿದ್ದ. ಉತ್ತರ ಬರೆಯುವ ಮಾತೇ ಇರಲಿಲ್ಲ. ಒಂದೇ ಒಂದು ಸಲ, ಮೂರನೆಯ ತಿಂಗಳಲ್ಲಿ, ತಡೆಯಲಾರದೆ ಭಾನುವಾರದ ಬಸ್ಸು ಹತ್ತಿ ಹೋದ. ಅತ್ತೆಗೆಂದು ಒಂದು ಪುಟ್ಟ ಸ್ಟೂಲು ಮಾಡಿಕೊಂಡು ಹೋಗಿದ್ದ. ಅತ್ತೆಯ ಜೊತೆ ಸ್ಟೂಲಿನ ಕಾಲಿನ ಬಗ್ಗೆ, ಮರದ ಬಗ್ಗೆ ಮಾತಾಡಿ, ಹೆಂಡತಿ ಬಡಿಸಿದ್ದನ್ನು ಉಂಡು, “ಸೊರಗಿದೀಯ” ಎಂದಷ್ಟೇ ಹೇಳಿ, ನಾಲ್ಕರ ಬಸ್ಸಿಗೆ ಹಿಂದಿರುಗಿದ. ಅವಳು ಬಸ್ ನಿಲ್ದಾಣದವರೆಗೆ ಬಂದಿದ್ದಳು. ಬಸ್ಸು ಹೊರಟ ಮೇಲೂ ಏನೋ ಕೇಳಿಸಿಕೊಳ್ಳಲು ಕಾದವಳ ಹಾಗೆ ನಿಂತೇ ಇದ್ದಳು. ಯಾಕೆಂದು ಅವನಿಗೆ ತಿಳಿಯಲಿಲ್ಲ.

ಅತ್ತೆ ತೀರಿಕೊಂಡ ಮೇಲೆ ಅವಳು ಮನೆಗೆ ಬಂದಳು. ಬಂದವಳು ಹೋದವಳ ಹಾಗಿರಲಿಲ್ಲ. ಜಗಳವಾಡಲಿಲ್ಲ, ಮುನಿಸಿಕೊಳ್ಳಲಿಲ್ಲ, ಎಲ್ಲ ಚೊಕ್ಕವಾಗಿ ನಡೆಸಿಕೊಂಡು ಹೋದಳು. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾದಳು. ನಿಮ್ಮದು ಎಂಥಾ ಹೊಂದಾಣಿಕೆ, ಒಂದು ದಿನ ಏರುದನಿ ಕೇಳಿದ್ದಿಲ್ಲ ಎಂದು ಅಕ್ಕಪಕ್ಕದವರು ಮೆಚ್ಚುತ್ತಿದ್ದರು. ನಿಜ, ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಎರಡು ಬೇರೆ ಕೋಣೆಗಳಲ್ಲಿದ್ದವರ ಹಾಗೆ ಬಾಳಿದರು.

ಅವಳಿಗೆ ಕಣ್ಣಿನ ಪೊರೆ ಬಂದದ್ದರಿಂದ ಎಲ್ಲ ಹೊರಬಿತ್ತು.

ಎರಡೂ ಕಣ್ಣಿಗೆ ಪೊರೆ. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿಗೆ ಎಲ್ಲವೂ ಮಂಜು. ಎರಡು ಬಗೆಯ ಹನಿ ಹಾಕಬೇಕಿತ್ತು, ಒಂದು ದಿನಕ್ಕೆ ಆರು ಸಲ, ಇನ್ನೊಂದು ಎರಡು ಸಲ. ನರ್ಸ್ ಹೇಳಿದ್ದನ್ನು ಮೇಸ್ತ್ರಿ ಚಾಚೂ ತಪ್ಪದೆ ನೆನಪಿಟ್ಟುಕೊಂಡ. ಕೆಂಪು ಮುಚ್ಚಳ ಆರು, ಬಿಳಿ ಮುಚ್ಚಳ ಎರಡು. ನಾಲ್ಕು ದಿನ ಗಡಿಯಾರ ನೋಡಿಕೊಂಡು, ಅವಳ ರೆಪ್ಪೆಯನ್ನು ಬೆರಳ ತುದಿಯಲ್ಲಿ ಎಳೆದು ಹನಿ ಹಾಕಿದ. ಅಷ್ಟು ವರ್ಷಗಳ ನಂತರ ಅವಳ ಮುಖ ಅಷ್ಟು ಹತ್ತಿರ ಬರುತ್ತಿತ್ತು. ದಿನಕ್ಕೆ ಎಂಟು ಸಲ.

ಐದನೆಯ ದಿನ ಕೆಂಪು ಮುಚ್ಚಳದ್ದು ಮುಗಿಯಿತು. ಔಷಧಿ ಅಂಗಡಿಯವನು ಬೇರೆ ಕಂಪನಿಯದು ಕೊಟ್ಟ, “ಅದೇ ಔಷಧಿ, ಹೆಸರು ಬೇರೆ ಅಷ್ಟೆ” ಎಂದ. ಅದರ ಮುಚ್ಚಳವೂ ಬಿಳಿ, ಬಾಟಲಿಯೂ ಅದೇ ಅಳತೆ. ಮನೆಗೆ ಬಂದು ಚೀಲ ಬಿಚ್ಚಿ ಹೊಸದನ್ನೂ ಹಳೆಯ ಬಿಳಿ ಮುಚ್ಚಳದ್ದನ್ನೂ ಕಿಟಕಿಯ ಮೇಲಿಟ್ಟ. ಮರುದಿನ ಹೆಂಡತಿ ಕಿಟಕಿ ಒರೆಸುವಾಗ ಅವನ್ನು ಎತ್ತಿ ಹಿಂದುಮುಂದಾಗಿ ಇಟ್ಟಳು. ಆಮೇಲೆ ಯಾವುದು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಬಾಟಲಿ ತಿರುಗಿಸಿ ತಿರುಗಿಸಿ ನೋಡಿದ. “ರೀ, ಯಾಕೆ ತಡ?” ಎಂದು ಅವಳು ತಲೆ ಹಿಂದಕ್ಕೆ ಚೆಲ್ಲಿ ಕಾಯುತ್ತಿದ್ದಳು. ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಅಂದಾಜಿನಲ್ಲಿ ಒಂದನ್ನು ಆರಿಸಿದ.

ಮೂರು ದಿನಕ್ಕೆ ಕಣ್ಣು ಕೆಂಡವಾಯಿತು. ನೋವು ತಡೆಯದೆ ಅವಳು ಅತ್ತಳು. ಬೆಳಗ್ಗೆಯೇ ಆಸ್ಪತ್ರೆಗೆ ಓಡಿದರು. ಡಾಕ್ಟರಮ್ಮ ಯಂತ್ರಕ್ಕೆ ಅವಳ ಗದ್ದ ಇರಿಸಿ ನೋಡಿ, ಬಾಟಲಿಗಳನ್ನು ನೋಡಿ, ಎಷ್ಟೆಷ್ಟು ಸಲ ಹಾಕಿದಿರಿ ಎಂದು ಕೇಳಿದರು. ಅವನು ಹೇಳಿದ. ಅವರಿಗೆ ರೇಗಿಹೋಯಿತು.

“ಬಾಟಲಿ ಮೇಲೆ ಬರ್ದಿದೆ, ಚೀಟೀಲಿ ದೊಡ್ಡದಾಗಿ ಬರ್ದುಕೊಟ್ಟಿದೀವಿ. ಪೂರಾ ಉಲ್ಟಾ ಹಾಕಿದೀರಲ್ರೀ! ನಿಮಗೇನು ಓದೋಕೆ ಬರಲ್ವಾ?”

ಅದು ಉತ್ತರ ಬಯಸಿ ಕೇಳಿದ್ದಲ್ಲ, ಸಿಟ್ಟಿಗೆ ಬಂದ ಮಾತು. ಜೀವನದಲ್ಲಿ ಅಂಥ ನೂರು ಮಾತುಗಳನ್ನು ಅವನು ತಲೆ ಕೆರೆದುಕೊಂಡು ದಾಟಿಸಿದ್ದ. ಆದರೆ ಹೆಂಡತಿ ಗದ್ದ ಎತ್ತಿ, ನೀರು ಸುರಿಯುವ ಕೆಂಪು ಕಣ್ಣನ್ನು ಅವನಿದ್ದ ಕಡೆಗೆ ತಿರುಗಿಸಿದ್ದಳು.

“ಇಲ್ಲ, ಡಾಕ್ಟ್ರೇ. ಬರಲ್ಲ” ಎಂದ.

 ಡಾಕ್ಟರಮ್ಮ ಮೆತ್ತಗಾಗಿ, ಒಂದು ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿ, “ಇದು ಆರು. ಏನೂ ಆಗಲ್ಲ, ಸರಿಹೋಗುತ್ತೆ” ಎಂದರು. 

ಮೂರು ದಿನ ಆ ಮನೆಯಲ್ಲಿ ಹನಿ ಹಾಕುವಾಗ ತಲೆ ಎತ್ತು, ಸಾಕು ಎನ್ನುವ ಮಾತು ಬಿಟ್ಟು ಬೇರೆ ಮಾತಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ಕೇಳಿದಳು.

“ಯಾವಾಗಿಂದ?”

“ಮೊದಲಿಂದಲೂ.”

“ಒಂದಕ್ಷರಾನೂ?”

“ನನ್ನ ಹೆಸರು ಬರೀತೀನಿ. ಅದೂ ಚಿತ್ರ ಬರೆದ ಹಾಗೆ.”

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. “ಹಾಗಾದ್ರೆ ನಾನು ಅಮ್ಮನ ಮನೆಯಿಂದ ಬರೆದ ಕಾಗದಗಳು?”

“ಓದಿಲ್ಲ ಕಣೇ.”

“ಒಂದೂ?”

“ಒಂದೂ.”

ಅವಳು ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಎಷ್ಟೋ ಹೊತ್ತಾದ ಮೇಲೆ ನಲ್ಲಿ ನಿಲ್ಲಿಸಿ, ಬೆನ್ನು ತಿರುಗಿಸಿಕೊಂಡೇ ಕೇಳಿದಳು, “ಬಿಸಾಕಿದ್ರಾ?”

ಅವನು ಕಾರ್ಖಾನೆಗೆ ಹೋಗಿ, ಮೇಜಿನ ತುದಿ ಒತ್ತಿ, ಡ್ರಾಯರಿನಲ್ಲಿದ್ದುದನ್ನೆಲ್ಲ ತಂದು ಅವಳ ಮುಂದಿಟ್ಟ. ಅವಳು ಮಂಜುಗಣ್ಣಿನಲ್ಲಿ ನೋಡಲಾಗದೆ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು.

“ನಾನು ಬರೆದದ್ದು ಹನ್ನೊಂದು. ಇಲ್ಲಿ ಹನ್ನೆರಡಿವೆ.”

 ಇನ್ನೊಂದು ಸುಳ್ಳು ಅವನ ನಾಲಿಗೆಯ ತುದಿಗೇ ಬಂದಿತ್ತು, ಮರದ ಅಂಗಡಿಯ ರಸೀದಿ ಎಂದೋ, ಅಪ್ಪನದೆಂದೋ. ಕಾಣದ ಕಣ್ಣಿಗೆ ಏನು ಹೇಳಿದರೂ ನಡೆಯುತ್ತಿತ್ತು. ಆದರೆ ಅವಳ ಆ ಕೆಂಪು ಕಣ್ಣು ನೋಡಿ ಅವನಿಗೆ ಸಾಕಾಗಿಹೋಯಿತು. ಕಪಾಟಿನ ಮನೆ, ಹೆಡ್‌ಮಾಸ್ತರರ ಮಗಳು, ಬೀಗದಂಗಡಿಯ ಜಗಲಿ, ಎಲ್ಲವನ್ನೂ ಹೇಳಿದ. ಮದುವೆಯಾದ ಮೇಲೆ ಅಷ್ಟುದ್ದ ಅವನು ಮಾತಾಡಿದ್ದು ಅದೇ ಮೊದಲು.

“ಇನ್ನೂ ನೆನಪಾಗ್ತಾಳಾ?”

“ಅವಳಿಗಿಂತ ಜಾಸ್ತಿ ಈ ಕಾಗದ ನೆನಪಾಗುತ್ತೆ. ಏನು ಬರ್ದಿದ್ಲೋ ಅಂತ. ಮೂವತ್ತೈದು ವರ್ಷ ಆಯ್ತು, ಅದೊಂದು ಗೊತ್ತಾಗ್ಬೇಕಿತ್ತು.”

“ಕಣ್ಣು ಸರಿಹೋಗ್ಲಿ, ಓದ್ತೀನಿ” ಎಂದಳು.

ಮೂರು ವಾರದ ನಂತರ, ಹೊಸ ಕನ್ನಡಕ ಬಂದ ದಿನ, ಅವಳೇ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೈ ನೀಡಿದಳು. ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದುಹೋಗುವಂತಾಗಿತ್ತು. ಅವಳು ಹೊಲಿಗೆಯವಳ ನಾಜೂಕಿನಿಂದ ಬಿಡಿಸಿ ಓದಿದಳು.

“ಮೇಸ್ತ್ರಿಗಳೇ, ನೀವು ಇದನ್ನು ಓದಲಾರಿರಿ ಎಂದು ನನಗೆ ಗೊತ್ತು. ನಾನು ನಿಮಗೆ ಕೊಟ್ಟದ್ದು ಜೇನು ಸಾಕುವುದು ಹೇಗೆ ಎಂಬ ಪುಸ್ತಕ. ಅದರ ಕೊನೆಯಲ್ಲಿ ನಿಮಗೆ ದುಃಖವಾಯಿತು ಎಂದಿರಿ. ಒಳಗೆ ಹೋಗಿ ತುಂಬಾ ನಕ್ಕೆ. ಆಮೇಲೆ ನಗಲು ಆಗಲಿಲ್ಲ. ಅಕ್ಷರ ಬಾರದಿರುವುದು ನನಗೆ ದೊಡ್ಡ ವಿಷಯವಲ್ಲ. ಆದರೆ ನೀವಾಗಿ ಹೇಳದೆ ನಾನು ಹೇಗೆ ಬಾಯಿ ಬಿಡಲಿ? ಅದಕ್ಕೆ ಈ ಉಪಾಯ. ಈ ಕಾಗದ ತೆಗೆದುಕೊಂಡು ನನ್ನ ಹತ್ತಿರವೇ ಬನ್ನಿ. ‘ನನಗೆ ಓದಲು ಬರುವುದಿಲ್ಲ, ನೀವೇ ಓದಿ’ ಎನ್ನಿ. ಅಷ್ಟು ಸಾಕು. ಮಿಕ್ಕದ್ದನ್ನೆಲ್ಲ ನಾನೇ ಹೇಳುತ್ತೇನೆ, ಅಪ್ಪನಿಗೂ ನಾನೇ ಹೇಳುತ್ತೇನೆ. ಭಾನುವಾರದ ತನಕ ಕಾಯುತ್ತೇನೆ. ಬರದಿದ್ದರೆ, ನನಗಿಂತ ಆ ಗುಟ್ಟೇ ನಿಮಗೆ ಹೆಚ್ಚು ಎಂದುಕೊಳ್ಳುತ್ತೇನೆ.”

ಹೆಂಡತಿ ಕಾಗದವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಮೇಸ್ತ್ರಿ ನೆಲ ನೋಡುತ್ತಿದ್ದ. ಹೆಡ್‌ಮಾಸ್ತರರ ಮಗಳಿಗೆ ಗೊತ್ತಿತ್ತು. ಅವನು ಯಾವುದನ್ನು ಮುಚ್ಚಲು ಅವಳನ್ನು ಬಿಟ್ಟುಬಂದನೋ ಅದು ಮುಚ್ಚಿಯೇ ಇರಲಿಲ್ಲ. ಜಗಲಿಯ ಮೇಲೆ ಕೂತ ಆ ಎರಡು ಗಂಟೆ ಹೊತ್ತೂ ಆ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳು ಕಿವಿ ನಿಮಿರಿಸಿಕೊಂಡು ಕೂತಿದ್ದಿರಬೇಕು.

“ಒಳ್ಳೆ ಹುಡುಗಿ” ಎಂದಳು ಹೆಂಡತಿ ಕೊನೆಗೆ. “ಜಾಣತನ ಒಂಚೂರು ಜಾಸ್ತಿಯಾಯ್ತು, ಅಷ್ಟೆ. ಬಾಯಲ್ಲೇ ಹೇಳಿದ್ರೆ ಆಗ್ತಿತ್ತು.”

“ನಾನು ಹೋಗಿದ್ರೂ ಆಗ್ತಿತ್ತು.”

“ಹೋಗಿದ್ರೆ ನಾನು ಇಲ್ಲಿ ಇರ್ತಿರಲಿಲ್ಲ” ಎಂದು ಅವಳು ಹೇಳಿದ್ದರಲ್ಲಿ ಕಹಿಯಿರಲಿಲ್ಲ. ಆದರೆ ಅವನು ಉಳಿದ ಹನ್ನೊಂದನ್ನು ಅವಳ ಕಡೆ ಸರಿಸಿ, “ಇವನ್ನೂ ಓದು” ಎಂದಾಗ ಅವಳ ಮುಖ ಬದಲಾಯಿತು.

“ಇಲ್ಲ. ಆ ಹುಡುಗಿ ಓದಿ ಹೇಳ್ತೀನಿ ಅಂದಿದ್ಲು. ನಾನು ಹಾಗೆ ಬರ್ದಿಲ್ಲ. ನೀವು ಓದ್ತೀರ ಅಂತ ಬರ್ದಿದ್ದೆ. ನೀವೇ ಓದ್ಬೇಕು.”

“ಈ ವಯಸ್ಸಲ್ಲಾ?”

“ನನಗೇನು ಅರ್ಜೆಂಟಿಲ್ಲ. ಮೂವತ್ತು ವರ್ಷ ಕಾದವಳಿಗೆ ಇನ್ನೊಂದು ವರ್ಷ ಯಾವ ಲೆಕ್ಕ?”

ಪಾಠ ಶುರುವಾಯಿತು. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ. ಮರಕ್ಕೆ ಗುರುತು ಹಾಕುವ ಚಪ್ಪಟೆ ಪೆನ್ಸಿಲಿನಿಂದ ಅವನು ಅಕ್ಷರ ತಿದ್ದಿದ. ಹೆಂಡತಿ ಒಳ್ಳೆಯ ಗುರು, ಆದರೆ ಕರುಣೆ ಕಡಿಮೆ. ಒತ್ತಕ್ಷರ ಬಂದಾಗ ಅವನು ಪೆನ್ಸಿಲು ಕೆಳಗಿಟ್ಟ. “ಇದರ ಕೆಳಗೆ ಮತ್ತೊಂದು ಯಾಕೆ ನೇತಾಡ್ತಿದೆ?” “ಎರಡೂ ಸೇರಿ ಒಂದೇ ಸದ್ದು ರೀ.” ಅವನು ಸ್ವಲ್ಪ ಹೊತ್ತು ನೋಡಿ, “ಓ, ಜೋಡಣೆ! ಒಂದು ತುಂಡನ್ನ ಇನ್ನೊಂದಕ್ಕೆ ಕಚ್ಚಿಸಿದ ಹಾಗೆ” ಎಂದ. ಅಲ್ಲಿಂದ ಮುಂದೆ ಅದು ಸುಲಭವಾಯಿತು. ಬೀದಿಯ ಬೋರ್ಡುಗಳು ಒಂದೊಂದಾಗಿ ಬಾಯಿ ಬಿಟ್ಟವು. ಇಪ್ಪತ್ತೆಂಟು ವರ್ಷದಿಂದ ಅವನು ಸೈಕಲ್ಲು ಒರಗಿಸುತ್ತಿದ್ದ ಗೋಡೆಯ ಮೇಲೆ ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಎಂದು ಬರೆದಿತ್ತು. ಅದನ್ನು ಹೇಳಿದಾಗ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಗುತ್ತಾಳೆಂಬುದನ್ನೇ ಅವನು ಮರೆತಿದ್ದ.

ಹತ್ತು ತಿಂಗಳಾದ ಮೇಲೆ ಮೊದಲ ಕಾಗದ ತೆಗೆದ. ಒಂದು ಪುಟ ಮುಗಿಸಲು ಒಂದು ವಾರ ಹಿಡಿಯಿತು. ಸಣ್ಣ ಸಣ್ಣ ಸುದ್ದಿ. ಅಮ್ಮನ ಮನೆಯ ಗಡಿಯಾರ ಅರ್ಧ ಗಂಟೆ ಮುಂದೆ ಓಡುತ್ತದೆ, ಅದಕ್ಕೇ ನಾನು ನಿಮ್ಮನ್ನು ಅರ್ಧ ಗಂಟೆ ಮುಂಚೆಯೇ ನೆನೆಸಿಕೊಳ್ಳುತ್ತೇನೆ. ನಿಮ್ಮ ಅಂಗಿಯೊಂದನ್ನು ತಪ್ಪಿ ತಂದಿದ್ದೇನೆ, ತಪ್ಪಿ ಎಂದು ಬರೆದದ್ದು ಸುಳ್ಳು. ಈ ಕಾದಂಬರಿಯ ನಾಯಕ ನಿಮ್ಮ ಹಾಗೆಯೇ ಮಾತಾಡುವುದಿಲ್ಲ, ನೂರೈವತ್ತನೇ ಪುಟದಲ್ಲಾದರೂ ಬಾಯಿ ಬಿಡುತ್ತಾನೇನೋ ನೋಡಬೇಕು. ಓದುತ್ತ ಓದುತ್ತ ಮೇಸ್ತ್ರಿಗೆ ಏನೋ ಆಗತೊಡಗಿತು. ಕೆಲಸದ ನಡುವೆ ಹತ್ತರಿ ನಿಲ್ಲಿಸಿ, ಮುಂದಿನ ಸಾಲಿನಲ್ಲಿ ಏನಿದೆಯೋ ಎಂದು ಯೋಚಿಸುತ್ತಿದ್ದ. ಇಪ್ಪತ್ಮೂರು ವರ್ಷದ ಈ ಹುಡುಗಿ, ಇಷ್ಟು ತುಂಟಿ, ಇಷ್ಟು ಧಾರಾಳಿ, ಅವನನ್ನು ಹೀಗೆ ಬಯಸಿದವಳು, ಅವನ ಮನೆಯಲ್ಲೇ ಇದ್ದಳು. ಅವನು ಅವಳನ್ನು ನೋಡಿಯೇ ಇರಲಿಲ್ಲ. ಮೂವತ್ತೈದು ವರ್ಷ ಅವನು ಹಂಬಲಿಸಿದ್ದು ತ‌ಪ್ಪು ಕಾಗದಕ್ಕಾಗಿ.

ಎಂಟನೆಯದು ಚಿಕ್ಕದಾಗಿತ್ತು.

“ನೀವು ಬಂದಾಗ ಎದುರಿಗೇ ಹೇಳೋಣವೆಂದು ಮುಚ್ಚಿಟ್ಟಿದ್ದೆ. ಮೂರು ತಿಂಗಳು ತುಂಬಿತ್ತು. ಸೋಮವಾರ ಹೋಯಿತು. ಅಮ್ಮನಿಗೆ ಹೇಳಿಲ್ಲ, ಅವಳು ತಡೆದುಕೊಳ್ಳಲಾರಳು. ಪಕ್ಕದ ಮನೆಯ ಅಕ್ಕ ಜೊತೆಗಿದ್ದಳು. ನೀವು ಏನೂ ಬರೆಯಬೇಡಿ. ಒಂದು ಸಲ ಬನ್ನಿ. ಬಂದು ಪಕ್ಕದಲ್ಲಿ ಕೂತರೆ ಸಾಕು.”

ಅವನು ತಾರೀಖು ನೋಡಿದ. ಅವನು ಸ್ಟೂಲು ಹೊತ್ತುಕೊಂಡು ಹೋದದ್ದು ಅದರ ಮುಂದಿನ ಭಾನುವಾರ.

ಒಂಬತ್ತನೆಯದು ಅರ್ಧ ಪುಟ. ಹತ್ತನೆಯದು ನಾಲ್ಕು ಸಾಲು. ಹನ್ನೊಂದನೆಯದರಲ್ಲಿ ಅವಳು ಮನೆಗೆ ಮರಳುವ ಬಸ್ಸಿನ ವೇಳೆ ಮಾತ್ರ ಇತ್ತು.

ಒಳಕೋಣೆಯಲ್ಲಿ ಹೊಲಿಗೆ ಮಷಿನ್ನು ಓಡುತ್ತಿತ್ತು. ಅವನು ಹೋಗಿ ಬಾಗಿಲಲ್ಲಿ ನಿಂತ.

“ಎಂಟನೇದು ಓದಿದೆ.”

ಮಷಿನ್ನು ನಿಂತಿತು. ಅವಳು ಬಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

“ಓದಿ ಬಂದಿದಾರೆ ಅಂದ್ಕೊಂಡೆ” ಎಂದಳು. “ಅಮ್ಮನ ಹತ್ರ ಸ್ಟೂಲಿನ ಬಗ್ಗೆ ಮಾತಾಡ್ತಾನೇ ಇದ್ರಿ. ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ಕಾದೆ. ಬಸ್ಸು ಹತ್ತೋವಾಗಾದ್ರೂ ಕೇಳ್ತೀರ ಅಂತಿದ್ದೆ. ಇಷ್ಟು ಕಲ್ಲು ಮನಸ್ಸಿನವರ ಜೊತೆ ಬಾಳೋದು ಹೇಗೆ ಅಂತ ಅವತ್ತು ಯೋಚನೆ ಮಾಡ್ದೆ. ಆಮೇಲೆ ಬಾಳಿದೆ.”

ಅವನು ಅವಳ ಪಕ್ಕದಲ್ಲಿ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತ. ಏನು ಹೇಳಿದರೂ ತೀರಾ ತಡವಾಗಿತ್ತು. ಎದ್ದು ಹೋಗಿ ಎಂದು ಅವಳು ಹೇಳಲಿಲ್ಲ. ಸಂಜೆಯ ಬೆಳಕು ಇರುವ ತನಕ ಇಬ್ಬರೂ ಹಾಗೇ ಕೂತಿದ್ದರು.

ಆ ವಾರವೆಲ್ಲ ಅವನು ಕಾರ್ಖಾನೆಯಲ್ಲಿ ಬಾಗಿಲು ಹಾಕಿಕೊಂಡು ಬರೆದ. ಒಂಬತ್ತು ಸಾಲು. ದೀರ್ಘಗಳು ತಪ್ಪಿದ್ದವು, ಒಂದು ಒತ್ತು ಬೇರೆ ಅಕ್ಷರಕ್ಕೆ ಹೋಗಿ ಸೇರಿತ್ತು. ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದನ್ನು ತಂದು, ಮುಖ ನೋಡದೆ ಚಾಚಿದ. “ಎಂಟನೇದಕ್ಕೆ ಉತ್ತರ.”

ಅವಳು ಕೈ ನೀಡಿದವಳು ಹಿಂದೆ ತೆಗೆದುಕೊಂಡಳು.

“ಕೈಗೆ ಬೇಡ. ಪೋಸ್ಟಿಗೆ ಹಾಕಿ.”

“ಒಂದೇ ಮನೇಲಿದ್ದುಕೊಂಡು ಪೋಸ್ಟಾ? ಪೋಸ್ಟ್‌ಮ್ಯಾನ್ ಏನಂದ್ಕೊಳ್ತಾನೆ?”

“ಅಂದ್ಕೊಳ್ಳಿ ಬಿಡಿ. ನನಗೆ ಪೋಸ್ಟಲ್ಲಿ ಬರ್ಬೇಕು.”

ಅವನು ಅಂಚೆ ಕಚೇರಿಗೆ ಹೋದ. ಲಕೋಟೆ ಕೊಂಡು, ಅಲ್ಲಿನ ಎತ್ತರದ ಮೇಜಿನ ಮೇಲೆ ಬಗ್ಗಿ, ಅವಳ ಹೆಸರು, ಬೀದಿ, ಮನೆ ನಂಬರು ಎಲ್ಲವನ್ನೂ ಯಾರನ್ನೂ ಕೇಳದೆ ಬರೆದು ಡಬ್ಬಿಗೆ ಹಾಕಿದ. ಅದು ಗುರುವಾರ. ಶುಕ್ರವಾರ ಬರಲಿಲ್ಲ. ಶನಿವಾರ ಮಧ್ಯಾಹ್ನ ಅವನು ಊಟಕ್ಕೆಂದು ಬೀದಿಯ ತುದಿಯಲ್ಲಿ ತಿರುಗಿದಾಗ ಅವಳು ಬಾಗಿಲ ಹೊರಗೆ ನಿಂತಿದ್ದಳು. ತಲೆ ಬಾಚಿ, ಒಗೆದಿಟ್ಟ ಸೀರೆ ಉಟ್ಟು, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು, ಪೋಸ್ಟ್‌ಮ್ಯಾನ್ ಬರುವ ದಿಕ್ಕನ್ನೇ ನೋಡುತ್ತಿದ್ದಳು. ಇವನ ಕಡೆ ಅವಳ ಲಕ್ಷ್ಯವೇ ಇರಲಿಲ್ಲ. ಮೇಸ್ತ್ರಿ ನಡಿಗೆ ನಿಲ್ಲಿಸಿ, ಆ ಇಪ್ಪತ್ಮೂರರ ಹುಡುಗಿಯನ್ನು ನೋಡುತ್ತ ಅಲ್ಲೇ ನಿಂತುಬಿಟ್ಟ.